ಬೆಣೆ

ನೂರಿಪ್ಪತ್ತರ ಕಾಗದ ಮೊದಲು, ಆಮೇಲೆ ಇನ್ನೂರಾ ನಲವತ್ತು.
ನಾನೂರಕ್ಕೆ ಬರುವಷ್ಟರಲ್ಲಿ ಹೊನ್ನೆ ಮರ
ಬೆರಳಿಗೆ ತೊಡರುವುದನ್ನು ಬಿಟ್ಟಿತ್ತು.
ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಾತ್ರ
ಮತ್ತೆ ರೋಮ ಏಳುತ್ತಿತ್ತು, ಚಳಿಗೆ ಸಿಕ್ಕ ತೋಳಿನ ಹಾಗೆ.
ಮತ್ತೆ ತಿಕ್ಕು. ಮತ್ತೆ ಒರೆಸು.
ಬಟ್ಟೆ ಹಿಂಡಿದ ಬಕೀಟು ಬಿಸಿಲಿಗಿಟ್ಟರೆ
ಹಳದಿ ನೀರಿನ ಅಂಚಿಗೆ ನೀಲಿ ಹೊಳೆಯುತ್ತಿತ್ತು.
ಘಂಟಿಕೇರಿಯ ಈ ಅಂಗಡಿಯಲ್ಲಿ
ಹಾರ್ಮೋನಿಯಂ ಸ್ವರ ಕೂಡಿಸಿದ ಇಪ್ಪತ್ತೆರಡು ವರ್ಷದಲ್ಲಿ
ಇಷ್ಟು ಧೂಳು ಉಂಡಿರಲಿಲ್ಲ, ಇಂಥ ನೀರೂ ಕಂಡಿರಲಿಲ್ಲ.

ಗಿರಾಕಿ ಬೆಟಗೇರಿಯವಳು, ಹ್ಯಾನಾ ಕರುಣಾಕರ. ಎಡಚಿ.
“ಬಲಗೈ ಗಿಟಾರಿಗೆ ತಂತಿ ತಿರುವಿ ಕಟ್ಟಿ
ಒಂಬತ್ತ ವರ್ಷ ನುಡಿಸೇನ್ರಿ. ಗುಂಡಿ ಮೊಣಕೈಗೆ ತಾಕತಾವ.
ಎಲ್ಲಾ ಕನ್ನಡ್ಯಾಗ ನೋಡಿಧಂಗ ಮಾಡ್ರಿ.”

ನಕ್ಷೆ ಮಗುಚಿ ಅಂಟಿಸಿದೆ. ಕಣ್ಣಿಗೂ ಹೇಳಿದೆ.
ಕೈಗೆ ಹೇಳುವವರು ಯಾರು?
ಒಂದು ಸಂಜೆ, ಹೋದ ಕರೆಂಟು ಬಂದ ಖುಷಿಗೆ,
ವಾಲ್ಯೂಮ್ ಗುಂಡಿಯ ತೂತು
ಬಲಗೈಯವರ ಜಾಗದಲ್ಲೇ ಕೊರೆದುಬಿಟ್ಟೆ.
ಪುಡಿ ಊದಿದ ಮೇಲೆ ತಿಳಿಯಿತು.

ಅದೇ ಹಲಗೆಯ ತುಂಡಿನಲ್ಲಿ ಬೆಣೆ ಕೆತ್ತಿ,
ಎಳೆಗೆ ಎಳೆ ಕೂಡಿಸಿ, ಅಂಟು ಸವರಿ ಬಡಿದೆ.
ಒಣಗಿದಾಗ ಕಾಣಲೇ ಇಲ್ಲ.
ಸೀಲರ್ ಬಿದ್ದದ್ದೇ ತಡ, ಎದ್ದು ಬಂತು:
ಎಂಟಾಣೆಯಗಲ, ಮರಕ್ಕಿಂತ ಒಂದು ಕೂದಲು ಕಪ್ಪು,
ದೃಷ್ಟಿಬೊಟ್ಟು, ಆದರೆ ದೃಷ್ಟಿ ಬೀಳುವಲ್ಲೇ.

ದಸ್ತಗೀರನ ಶೆಡ್ಡು ಗಬ್ಬೂರು ಬೈಪಾಸಿಗೆ.
ಕಂಪ್ರೆಸರಿನ ಮಗ್ಗುಲಲ್ಲಿ ಮೂವತ್ತು ವರ್ಷ ನಿಂತು
ಎರಡೂ ಕಿವಿ ಅದಕ್ಕೇ ಕೊಟ್ಟವನು.
“ಬ್ಲ್ಯಾಕ್ ಹೊಡದ ಒಗದ್ರ ಮುಗೀತು!” ಕೂಗಿದ,
ತಗ್ಗಿಸಿ ಮಾತಾಡುವುದು ಅವನಿಗೆ ಮರೆತುಹೋಗಿದೆ.
“ಎಷ್ಟ ಲಾರಿ ಬಾಗಲಾ ಮುಚ್ಚೇನಿ, ಇದ್ಯಾವ ದೊಡ್ಡದು!”
ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದೆ: ಕ್ಲಿಯರ್. ಬರೀ ಕ್ಲಿಯರ್.
ಬೆಣೆಯ ಮೇಲೆ ಉಗುರು ಎಳೆದ. ಸಂದು ಸಿಗಲಿಲ್ಲ.
ಇನ್ನೊಮ್ಮೆ ಎಳೆದ. ಕಪ್ಪು ಡಬ್ಬಿಯ ಮುಚ್ಚಳ ಹಾಕಿದ.

ಹನ್ನೊಂದು ಪದರ.
ನೆಲಕ್ಕೆ ನೀರು ಚಿಮುಕಿಸಿ, ಗಾಳಿ ಏಳದ ನಸುಕಿನಲ್ಲಿ,
ದಿನಕ್ಕೆರಡರಂತೆ.
ಏಳನೆಯದಕ್ಕೆ ಒಂದು ಸೊಳ್ಳೆ ಬಂದು ಕೂತಿತು.
ತೆಗೆದೆವು; ಒಂದು ಕಾಲು ಒಳಗೇ ಉಳಿಯಿತು.
ಅವಳಿಗೆ ಹೇಳಿಲ್ಲ.

ಮೂರು ವಾರ ಅಂಗಡಿಯ ಮೊಳೆಗೆ ತೂಗಿತು,
ಪೆಟ್ಟಿಗೆಗಳ ನಡುವೆ, ಥಿನ್ನರಿನ ವಾಸನೆ ಬಿಡುತ್ತ.
ಆಮೇಲೆ ಎರಡು ಸಾವಿರದ ಕಾಗದ, ಸಾಬೂನು ನೀರು:
ಮೈಯಲ್ಲಿ ಬಿದ್ದ ಟ್ಯೂಬ್‌ಲೈಟು ಮೊದಲು ಮಬ್ಬು ಪಟ್ಟಿ,
ಬಫಿನ ಕೆಳಗೆ ಬರಬರುತ್ತ ಗೆರೆ,
ಕೊನೆಗೆ ಅದರೊಳಗಿನ ಸತ್ತ ಹುಳುಗಳೂ ಎಣಿಸಲು ಸಿಕ್ಕವು.

ಫ್ರೆಟ್ಟಿಗೆ ಶಾಯಿ ಬಳಿದು ಅರ ಆಡಿಸಿದೆ,
ಶಾಯಿ ಉಳಿದಲ್ಲಿ ತಗ್ಗು.
ತುದಿಗಳ ಗುಟ್ಟು ಹಿಡಿಯಲು ಒಂದು ಚಿಟಿಕೆ ಜಯಧರ ಹತ್ತಿ:
ಕತ್ತಿನ ಅಂಚಿಗುಂಟ ಎಳೆದರೆ, ಎಲ್ಲಿ ಎಳೆ ಸಿಕ್ಕಿತೋ
ಅಲ್ಲಿ ಅವಳ ಕೈ ಕೊಯ್ಯುತ್ತಿತ್ತು.
ಹದಿನಾಲ್ಕು ಕಡೆ ಸಿಕ್ಕಿತು. ಮರುದಿನ ಎರಡು. ಆಮೇಲೆ ಇಲ್ಲ.

ವೈರು ಬೆಸೆದು ಹಚ್ಚಿದರೆ ಗುಂಯ್ ಎಂದಿತು.
ತಂತಿ ಮುಟ್ಟಿದರೂ ಅಷ್ಟೇ ಗುಂಯ್.
ಬ್ರಿಡ್ಜಿನ ಅರ್ಥಿಂಗ್ ಮರೆತಿದ್ದೆ, ಸ್ವರ ಕೂಡಿಸುವವನು!

ಬಾಕಿ ಹಣಕ್ಕೆ ದಸ್ತಗೀರ ಬಂದಾಗ
ಆಂಪಿನ ಹತ್ತಿರ ಕೂಡ್ರಿಸಿ ಮೀಟಿದೆ. ತಲೆಯಲ್ಲಾಡಿಸಿದ, ಇಲ್ಲ.
ಬಾಗಿ, ಗಡ್ಡ ಬದಿಗೊತ್ತಿ,
ದವಡೆಯನ್ನು ಮರದ ಮೇಲೇ ಇಟ್ಟ.
ಎಲ್ಲಕ್ಕೂ ಕೆಳಗಿನ ತಂತಿ ಮೀಟಿದೆ.
ಕಣ್ಣು ಒಮ್ಮೆ ತೆರೆದು ಮುಚ್ಚಿತು.
“ಇನ್ನೊಮ್ಮೆ,” ಅಂದ.
ಕೂಗಲಿಲ್ಲ. ನನಗೇ ಬಗ್ಗಿ ಕೇಳಬೇಕಾಯಿತು.

ಎದ್ದಾಗ ಕೆನ್ನೆಯಗಲ ಜಿಡ್ಡು,
ಅರ್ಧ ಬೆಣೆಯ ಮೇಲೆ, ಅರ್ಧ ಹೊರಗೆ.
ಬಟ್ಟೆ ಹುಡುಕಬೇಕು.
ಗದಗಿನ ಐದರ ಬಸ್ಸಿಗೆ ಅವಳು ಬರುತ್ತಾಳೆ.