ದಾಬೋಳಿಯಿಂದ ಮೋಪಾಕ್ಕ

ಲೋಡರ್ ಕಾಯತಾನನ ಮೊಬೈಲ್‌ದಾಗ ಒಂದು ಲೆಕ್ಕ ಐತಿ.
ಎರಡು ಏರ್‌ಪೋರ್ಟಿನ ಹೆಸರು ಬಡದ್ರ
ನಡುವ ಎಷ್ಟು ದೂರ, ಎಷ್ಟು ಹೊತ್ತು, ಹೇಳತೈತಿ.
ಚಾ ಕುಡಕೋತ ಕೇಳಿದೆ:
ದಾಬೋಳಿಯಿಂದ ಮೋಪಾಕ್ಕ ಹಾಕು.
ನಕ್ಕ. ಹುಚ್ಚಪ್ಪಾ, ಒಂದ ಗೋವಾದಾಗ
ಪಡಸಾಲಿಯಿಂದ ಅಡಗಿಮನಿಗೆ ಯಾರು ಹಾರತಾರ?
ಹಾಕು ಅಂದೆ. ಹಾಕಿದ.

ನಲವತ್ತು ಕಿಲೋಮೀಟರಿಗೆ ಒಂದು ಕಡಿಮಿ.
ಹಾರೂದು ಮೂರು ನಿಮಿಷ.
ಏರಾಕ, ಇಳಿಯಾಕ ಅಂತ ಮ್ಯಾಲೆ ಮೂವತ್ತು.
ಕೆಳಗ ಸಣ್ಣ ಅಕ್ಷರದಾಗ:
ಈ ದಾರಿಗೆ ವಿಮಾನ ಇಲ್ಲ.

ಬಸ್ಸು ಅದಾವು.
ವಾಸ್ಕೋದಿಂದ ಪಣಜಿ, ಪಣಜಿಯಿಂದ ಮಾಪ್ಸಾ,
ಮಾಪ್ಸಾದ ಸ್ಟ್ಯಾಂಡಿನ್ಯಾಗ ಕೂತ್ರ ಕೂತಂಗ,
ಆಮ್ಯಾಲೆ ಪೆಡ್ಣೆ. ಅಲ್ಲಿಂದ ಏನು ಸಿಕ್ಕರ ಅದು.
ಮೂರು ತಾಸು ಹೋಗಿ, ಗೇಟಿನ ಹೊರಗ ನಿಂತು
ಅರ್ಧ ತಾಸು ಅಕಿ ಮಾರಿ ನೋಡಿ
ಮೂರು ತಾಸು ತಿರುಗಿ.
ನನ್ನ ಸೂಟಿ ಮಂಗಳವಾರ, ಸೋಮವ್ವಂದು ಶುಕ್ರವಾರ.
ಗುತ್ತಿಗೆದಾರ ಇಬ್ಬರಿಗೂ ಒಬ್ಬನ. ಹೊಸಾದು ಆದಾಗ
ಹಾಳಿ ಮ್ಯಾಲೆ ಗೆರಿ ಎಳದ:
ನೀ ಇಲ್ಲಿ ಕಸಾ ಹೊಡಿ, ಅಕಿ ಅಲ್ಲಿ ಹೊಡೀಲಿ.

ಇಬ್ಬರೂ ವಿಮಾನದ ಹೊಟ್ಟಿ ತೊಳಿಯಾವರು.
ಇಬ್ಬರೂ ಒಮ್ಮಿನೂ ಹಾರಿಲ್ಲ.

ಹೋದ ತಿಂಗಳ ಒಂದು ರಾತ್ರಿ
ರನ್‌ವೇ ಮುಚ್ಚಿದ್ರು. ನಮಗ ಕಾರಣ ಯಾರು ಹೇಳತಾರ?
ಇಲ್ಲಿಗೆ ಬರೂ ವಿಮಾನ ಮೋಪಾಕ್ಕ ಹೋಗಿ ಕೂತಿತು.
ಮಂದಿ ಅಲ್ಲೇ ಇಳದು, ಬೈಕೋತ ಟ್ಯಾಕ್ಸಿ ಹಿಡದ್ರಂತ.
ನಸುಕಿನ್ಯಾಗ ಖಾಲಿ ವಿಮಾನ ಇಲ್ಲಿಗೆ ಬಂತು,
ಇಲ್ಲದ ದಾರಿ ಹಿಡದು.

ಕಸಬರಗಿ ಹಿಡಕೊಂಡು ಒಳಗ ಹೋದೆ.
ಕಸಾ ಇಲ್ಲ.
ಒಂದು ಬಿಸ್ಕೀಟಿನ ಚೂರಿಲ್ಲ, ಒಂದು ಕೂದಲಿಲ್ಲ.
ಸೂಪರ್‌ವೈಸರ್ ಅಂದ: ಅಲ್ಲೇ ಹೊಡದು ಕಳಿಸ್ಯಾರ, ಇಳೀ ಹಂಗ.
ನಾ ಇಳೀಲಿಲ್ಲ.
ಸೀಟಿನ ಪಟ್ಟಾ ಕತ್ತರಿಯಂಗ ಇಡರಿ ಅಂತ ಕಲಿಸ್ಯಾರ.
ಇಲ್ಲಿ ಕತ್ತರಿ ಹಾಕಿ, ತುದಿ ಒಂದು ಮಡಿಕಿ ಒಳಗ ಸರಿಸಿತ್ತು.
ಬುತ್ತಿ ಕಟ್ಟಿದ ಮ್ಯಾಲೆ ಅರಿವಿ ಚುಂಗು ಒಳಗ ದೂಡತಾಳಲ್ಲ,
ಹಂಗ.
ಹದಿನಾಲ್ಕರಿಂದ ಹಿಂದಕ್ಕ ಎಲ್ಲಾ ಸಾಲೂ ಹಂಗ.
ಮುಂದಿನವು ಬ್ಯಾರೆ ಯಾರದೋ ಕೈ, ಒಗದಂಗ ಇದ್ವು.

ಒಂದರ ಮ್ಯಾಲೆ ಕೈ ಇಟ್ಟೆ. ತಣ್ಣಗಿತ್ತು ಕೊಂಡಿ.
ಮೂರು ನಿಮಿಷಕ್ಕ ಬಂದದ್ದು.
ನೀರಿನ ಮ್ಯಾಲಿಂದ ಬಂದಿತ್ತೋ, ಗುಡ್ಡದ ಮ್ಯಾಲಿಂದೋ,
ಪೈಲಟ್‌ಗ ಕೇಳಬೇಕಂದೆ. ಎಲ್ಲಿ ಕೇಳತೀ.
ಇಪ್ಪತ್ತೆರಡನೇ ಸಾಲಿನ ಕಿಟಕಿ ಕಡೆ
ಒಂದ ಒಂದು ಪಟ್ಟಾ ಬಿಚ್ಚಿ, ಅಕಿ ಪರಿ ಮತ್ತ ಮಡಚಿದೆ.
ಚುಂಗು ಹೊರಗ ಉಳೀತು. ನನಗದು ಬರೂದಿಲ್ಲ.
ಏಳಕ್ಕ ಮಂದಿ ತುಂಬಕೊಂಡು ಹೈದರಾಬಾದಿಗೆ ಹೋತು.

ರಾತ್ರಿ ಫೋನ್ ಹಚ್ಚಿದೆ.
ಖೋಲಿ ಬಾಡಿಗಿ, ಗ್ಯಾಸು, ಅಕಿ ಮೊಣಕಾಲು,
ಯಾರ ಮದುವಿಗೆ ಎಷ್ಟು ಮುಯ್ಯಿ, ಇದರಾಗ ಅರ್ಧ ತಾಸು ಹೋತು.
ಕಡೀಕ ಕೇಳಿದೆ,
ನಿನ್ನೆ ರಾತ್ರಿ ಎಷ್ಟು ವಿಮಾನ ಹೊಡದಿ?
ಯಾರು ಎಣಿಸ್ಯಾರ, ಅಂದ್ಳು.
ಉಂಡಿ ಏನು?