ಜಂತೆ ಮತ್ತು ನೆರಿಗೆ

ಗೋಣಿಕೊಪ್ಪಲಿನಲ್ಲಿ, ನನ್ನ ಅಂಗಡಿಯ ತಲೆಯ ಮೇಲೆ
ನಾಲ್ಕು ಹೊಲಿಗೆ ಮಿಷನ್ನಿಗೆ ಒಂದು ಕೋಣೆ ಬೇಕು ಎಂದೆ.
ಅಚ್ಯುತಾಚಾರಿ ಗೋಡೆಯಿಂದ ಗೋಡೆಗೆ ಟೇಪು ಎಳೆದು
'ಹನ್ನೆರಡು ಅಡಿ' ಎಂದ,
ಡಾಕ್ಟರು ಕಾಯಿಲೆಯ ಹೆಸರು ಹೇಳುವ ಹಾಗೆ.

ಮರ ಇತ್ತು. ಮಗಳ ಮದುವೆಗೆ ಹೊಲಿದ ಬಾಕಿಗೆ
ಕಾಳಯ್ಯನವರು ತೋಟದ ಸಿಲ್ವರ್ ಓಕು
ಕೊಯ್ಸಿ ಕೊಟ್ಟಿದ್ದರು: ಎರಡಕ್ಕೆ ಆರಿಂಚು, ಮೂವತ್ತು ತುಂಡು.
ಆಚಾರಿ ಒಂದನ್ನು ತಟ್ಟಿದ, ಮೂಸಿದ.
'ಮೆಣಸಿನ ಬಳ್ಳಿ ಬಿಟ್ಟು ಬೇರೇನೂ
ಹೊತ್ತು ಗೊತ್ತಿಲ್ಲ ಇದಕ್ಕೆ.'

ನನ್ನ ಮೀಟರುಕೋಲನ್ನೇ ಎರಡು ಸ್ಟೂಲಿನ ನಡುವೆ ಇಟ್ಟ.
ಮಲಗಿಸಿ ಅಂಗೈ ಒತ್ತಿದ: ಜೋಲಿಯ ಹಾಗೆ ಬಾಗಿತು.
ಅಂಚಿನ ಮೇಲೆ ನಿಲ್ಲಿಸಿ ಒತ್ತಿದ: ಕೋಲಿಗೆ ಹಟ ಬಂದಿತ್ತು.
'ದಪ್ಪ ಇಮ್ಮಡಿಯಾದರೆ ಬಲ ಇಮ್ಮಡಿ ಅಷ್ಟೆ.
ಎತ್ತರ ಇಮ್ಮಡಿಯಾದರೆ ಬಿಗಿ ಎಂಟು ಪಾಲು.'

ನೆರಿಗೆ, ಎಂದೆ.
ಅವನಿಗೆ ತಿಳಿಯಲಿಲ್ಲ. ಕಾಲರಿನ ಕ್ಯಾನ್ವಾಸು ತೆಗೆದು
ಸಪಾಟಾಗಿ ಹಿಡಿದೆ, ಜೋತುಬಿತ್ತು.
ಮಡಿಸಿ ಮಡಿಸಿ ಹಿಡಿದೆ, ಕತ್ತರಿಯನ್ನೇ ಹೊತ್ತಿತು.
ಮೂರು ದಿನದಲ್ಲಿ ಮೊದಲ ಸಲ ನಕ್ಕ.

'ಅಡಿಯನ್ನು ಅರ್ಧ ಮಾಡು, ಎರಡು ಕೂಡಿಸು, ಅಷ್ಟಿಂಚು ಎತ್ತರ.
ಹನ್ನೆರಡಕ್ಕೆ ಎಂಟು, ಅದೂ ಮತ್ತಿಯೋ ನಂದಿಯೋ ಆದರೆ.
ನಿನ್ನ ಹತ್ತಿರ ಇರುವುದು ಆರು.
ಮುರಿಯುವುದಿಲ್ಲ ರುಖಿಯಾ. ನಡುಗುತ್ತದೆ.'

ಬೀಳುವ ಭಯ ನನಗಿರಲಿಲ್ಲ.
ನಡುಗುವುದು ಗೊತ್ತು: ಸೂಜಿ ಹೊಲಿಗೆ ಬಿಡುತ್ತದೆ,
ತೋಳಿನ ಸುತ್ತಿನಲ್ಲಿ ದಾರ ಗಂಟಾಗುತ್ತದೆ,
ಗಿರಾಕಿ ಬೈಯುವುದು ನೆಲವನ್ನಲ್ಲ.

ನಡುವೆ ಒಂದು ಮತ್ತಿಯ ತೊಲೆ ತಂದ,
ಅದಕ್ಕೆ ಕೆಳಗೊಂದು ಕಂಬ, ಸರಿಯಾಗಿ
ನನ್ನ ಕಟಿಂಗ್ ಟೇಬಲ್ಲು ಇದ್ದ ಜಾಗಕ್ಕೆ.
ಜಗಳವಾಡಿದೆ. ಟೇಬಲ್ಲೇ ಸರಿಯಿತು.
ಹನ್ನೆರಡು ಹೋಗಿ ಆರು ಆರು ಆಯಿತು,
ಬಿಟ್ಟಿ ಮರಕ್ಕೂ ಒಂದು ಮಾನ ಬಂತು.

ಹದಿನಾರಿಂಚಿಗೆ ಒಂದರಂತೆ ಜಂತೆ ಕೂರಿಸುವಾಗ
ಒಂದೊಂದನ್ನೂ ಕಣ್ಣಿಗೆ ಹಿಡಿದು ನೋಡುತ್ತಿದ್ದ.
ದೊಡ್ಡ ಗಂಟು ಅಡಿಯಂಚಿಗೆ ಬರಬಾರದಂತೆ,
ಎಳೆತ ಇರುವುದು ಅಲ್ಲಿ, ಬಿರುಕು ಹುಟ್ಟುವುದೂ ಅಲ್ಲೇ.
ಡೊಂಕಿದ್ದರೆ ಡೊಂಕಿನ ಬೆನ್ನು ಮೇಲಕ್ಕಂತೆ,
ಭಾರ ಬಿದ್ದಾಗ ತಾನಾಗಿ ನೆಟ್ಟಗಾಗುತ್ತದಂತೆ.

ಇಪ್ಪತ್ತೆರಡು ವರ್ಷ ಮಿಷನ್ನಿಗೆ ಬಾಗಿದ ನನ್ನದು? ಎಂದೆ.
'ಅದು ನನ್ನ ಲೆಕ್ಕದಲ್ಲಿ ಬರುವುದಿಲ್ಲ' ಎಂದು
ಕಿವಿಯ ಪೆನ್ಸಿಲು ತೆಗೆದು ಮತ್ತೊಂದು ಗೆರೆ ಎಳೆದ.

ಈಗ ಮೇಲೆ ನಾಲ್ಕೂ ಓಡುತ್ತವೆ.
ಆಚಾರಿ ದುಡ್ಡಿಗೆ ಬಂದವನು ಮಾತು ನಿಲ್ಲಿಸಿ
ಕಂಬಕ್ಕೆ ಅಂಗೈ ಇಟ್ಟು ನಿಂತ, ಕರುವಿನ ಬೆನ್ನಿಗೆ ಇಟ್ಟಂತೆ.
ನಾನು ಅದೇ ಕಂಬಕ್ಕೆ ಎರಡು ಮೊಳೆ ಹೊಡೆದು
ಅಳತೆಯ ಟೇಪು ನೇತುಹಾಕಿದ್ದೆ. ಏನೂ ಅನ್ನಲಿಲ್ಲ,
ಮೊಳೆ ಮಾತ್ರ ಕಿತ್ತು, ಒಂದಿಂಚು ಪಕ್ಕಕ್ಕೆ ಹೊಡೆದ.