ಅರ್ಧ ಸೆಂಟಿಮೀಟರ್

ಮುಂಜಾನೆ ಅಳದ್ರ ನೂರಾ ಐವತ್ತೇಳು,
ಸಂಜಿಗೆ ಅರ್ಧ ಸೆಂಟಿಮೀಟರ್ ಕಮ್ಮಿ.
ಬಾಗಲ ಚೌಕಟ್ಟಿನ ಮ್ಯಾಲೆ ಪೆನ್ಸಿಲ್ ಗೀಟು ಎರಡು:
ಒಂದು, ಈಗಷ್ಟ ಹಾಸಿಗಿ ಬಿಟ್ಟಾಕಿ,
ಒಂದು, ಒಂಬತ್ತು ತಾಸು ಝೆರಾಕ್ಸ್ ಅಂಗಡ್ಯಾಗ ನಿಂತು ಬಂದಾಕಿ.
ಇಬ್ಬರೂ ರೋಹಿಣಿ ಮಾರ್ಕಂಡೆಪ್ಪ ಗಂಜಿ, ಬೆಟಗೇರಿ.
ಅಪ್ಪ ಮಗ್ಗದ ಕುಣಿಯೊಳಗಿಂದನ ನಗತಾನ:
"ತಲಿತಲಾಂತರದಿಂದ ಬಗ್ಗಿ ಕುಂತ ಮನಿತನವ್ವಾ,
ಅರ್ಧ ಸೆಂಟಿಮೀಟರಿನ್ಯಾಗ ಬಿಟ್ಟೈತಲ್ಲ, ಪುಣ್ಯಾ."

ಫಾರ್ಮ್ ಅರ್ಧ ತುಂಬೇನಿ.
ಯಾವ ಪಡೆ ಮೊದಲು ಬೇಕು ಅಂತ ಕೇಳತೈತಿ.
ಗಡಿ ಅಲ್ಲ, ಹಿಮ ಅಲ್ಲ,
ಕಟ್ಟಡ ಕಾಯೋ ಪಡೆ ಅಂತ ಒತ್ತೇನಿ.
ಅವ್ವಗ ತಿಳಿಯಂಗಿಲ್ಲ ಇದು:
"ಸಿಮೆಂಟಿನ ಕಟ್ಟಡ, ಸರಕಾರದ್ದು.
ಅದನ್ನ ಯಾರ ಹೊತಗೊಂಡ ಹೋಗತಾರ?"

ಐದಕ್ಕ ಕ್ರೀಡಾಂಗಣದಾಗ ಇನ್ನೂ ಕತ್ತಲಿ.
ದೂರ ಕಪ್ಪತಗುಡ್ಡದ ಕಡೆ ಫ್ಯಾನುಗಳ ಕೆಂಪು ದೀಪ.
ರಿಟೈರ್ಡ್ ಹವಾಲ್ದಾರ್ ಕಮ್ಮಾರ ಮಾಮಾ ಸೀಟಿ ಊದತಾನ:
ಸಾವಿರದಾ ಆರನೂರು ಮೀಟರ್, ಎಂಟೂವರಿ ಮಿನಿಟು.
ಮೂರನೇ ಸುತ್ತಿಗೆ ಮಗ್ಗಲಾ ಹಿಡಕೊಂತೈತಿ.
ಒಮ್ಮೆ ಕೇಳಿದೆ, ಕಾಯೂದು ಅಂದ್ರ ಹೆಂಗ ಇರತೈತಿ ಮಾಮಾ?
"ಏನೂ ಆಗದ್ದನ್ನ ಎಂಟು ತಾಸು ನಿಂತು ನೋಡೂದು.
ಏನೂ ಆಗಲಿಲ್ಲಂದ್ರ ಛಲೋ ಕೆಲಸಾ ಮಾಡೀದಿ.
ಯಾರೂ ಬಂದು ಹೇಳಂಗಿಲ್ಲ."
ಬೂಟಿನೊಳಗಿನ ಹರಳು ತಗದು ಒಗದು
ಮತ್ತ ಸೀಟಿ ಊದಿದ.

ನಮ್ಮ ಅಂಗಡಿ ಎದರಿಗೇ ಕಚೇರಿ ಗೇಟು.
ನಾಕು ವರ್ಷ ಈ ಕಡೆಯಿಂದ ನೋಡೇನಿ ಅದನ್ನ,
ಆಧಾರ್ ಪ್ರತಿ, ಪಹಣಿ ಪ್ರತಿ ತಗೀತ.
ಬಿಸಿ ಕಾಗದ ಕೈಯಾಗ ಹಿಡದು ಓಡತಾರ ಮಂದಿ,
ಗೇಟಿನ ಹತ್ತರ ಹೋಗಿ ಸಣ್ಣಾಗತಾರ.

ಮೊದಲ ಒಬ್ಬ ಇದ್ದ, ಬೆತ್ತದಿಂದ ಚೀಲ ತಿವಿದು ನೋಡಂವ.
ಅವನ ಬದಲಿಗೆ ಗಪೂರಸಾಬ ಬಂದ.
ಹೊಂಬಳದ ಆಯಿ ಒಬ್ಬಾಕಿ, ಕೈಯಾಗ ಅರಿವಿ ಸುತ್ತಿದ ಡಬ್ಬಿ.
"ಬಿಚ್ಚಬೇಕವ್ವಾ, ನಿಯಮ ಐತಿ" ಅಂದ.
ಎರಡು ರೊಟ್ಟಿ, ಅಗಸಿ ಹಿಂಡಿ,
ರೊಟ್ಟಿ ಬುಡಕ ಗಂಡನ ಮರಣ ಪತ್ರ, ಎಣ್ಣಿ ಕಲಿ ಹತ್ತಿದ್ದು.
ಪೂರಾ ನೋಡಿದ. ಮುಚ್ಚಳಾ ಹಾಕಿದ.
ಆಕಿ ಹೆಂಗ ಕಟ್ಟಿದ್ದಳೋ ಹಂಗ,
ಎಡದ ಚುಂಗು ಮ್ಯಾಲ ಬರೂವಂಗ, ತಿರುಗಿ ಗಂಟು ಹಾಕಿ ಕೊಟ್ಟ.
ಹರದ ಎಳಿಗೆ ಅಪ್ಪ ಗಂಟು ಹಾಕೂದು ನೋಡಿ ಬೆಳದಾಕಿ ನಾನು,
ಕೈ ಗುರುತ ಹಿಡೀತೀನಿ.
ಅವತ್ತ ಮಶೀನು ಪ್ರತಿ ಉಗುಳಿಕೋತ ಹೋತು,
ನಾ ಎಣಿಸಲೇ ಇಲ್ಲ.

ಆದ್ರ ಹೋದ ವರ್ಷ ಅಂಗನವಾಡಿ ಬಾಯಾರು ಧರಣಿ ಕುಂತಾಗ
ಚಿಕ್ಕವ್ವನೂ ಇದ್ದಳು, ಗೇಟಿಗೆ ಬೆನ್ನು ಹಚ್ಚಿ, ಕೊಡಿ ಮಡಚಿ.
ಸಂಜಿಗೆ ಎಬ್ಬಿಸಿದ್ರು ಅವರನ್ನ.
ಗಪೂರಸಾಬನೂ ಎಬ್ಬಿಸಿದ.
ಮೆತ್ತಗ, ಆದ್ರ ಎಬ್ಬಿಸಿದ.
"ನಿನಗ ಗದಗಿನ್ಯಾಗ ಯಾರ ಡ್ಯೂಟಿ ಕೊಡತಾರ,
ರಾಂಚಿನೋ, ವಿಶಾಖಪಟ್ಟಣನೋ" ಅಂತ ಅಪ್ಪನ ಸಮಾಧಾನ.
ಅಲ್ಲೂ ಗೇಟು ಇರತಾವ.
ಅಲ್ಲೂ ಯಾರದೋ ಚಿಕ್ಕವ್ವ ಕೊಡಿ ಮಡಚಿ ಕುಂತಿರತಾಳ.
ಇದಕ್ಕ ಫಾರ್ಮಿನ್ಯಾಗ ಖಾನೆ ಇಲ್ಲ.

ನಾಳೆ ರಾತ್ರಿಗೆ ಕಡೇ ಹೊತ್ತು.
ಕಮ್ಮಾರ ಮಾಮಾ ಹೇಳ್ಯಾನ, ಅಳತಿಗಿಂತ ಮೊದಲ
ಅರ್ಧ ತಾಸು ನೆಲಕ್ಕ ಅಂಗಾತ ಮಲಕ್ಕೋ, ಎಲುಬು ಬಿಚ್ಚಿಕೊಂತಾವ.
ಮಲಕೊಂಡೇನಿ.
ಬೆನ್ನಿಗೆ ಫರಸಿ ತಂಪು,
ಅದರೊಳಗಿಂದ ಮಗ್ಗದ ಸಪ್ಪಳ, ಲಟಕ್, ಲಟಕ್,
ಬಾಜೂಕ ಮೊಬೈಲಿನ್ಯಾಗ ಅರ್ಧ ಫಾರ್ಮು.
"ರೋಹಿಣೀ, ದೀಪಾ ಹಚ್ಚೂ ಹೊತ್ತಿನ್ಯಾಗ ಏನವ್ವಾ ಅದು ಮಲಗೂದು?"
"ತಡೀ ಬೇ, ಎತ್ತರ ಆಗಾಕತ್ತೇನಿ."